ಹರಳು ತರಿಸಲು ಹೋಗಿ ಗ್ರಾಂ ಲೆಕ್ಕದಲ್ಲಿ ಸಿಕ್ಕಿಬಿದ್ದೆ

ಮೊದಲ ಸಲ ಹೊರದೇಶದಿಂದ ಹರಳು ತರಿಸಿದಾಗ ನನ್ನ ಪೊಟ್ಟಣ ಕಸ್ಟಮ್ಸ್‌ನಲ್ಲಿ ಹನ್ನೊಂದು ದಿನ ಕೂತಿತ್ತು. ಕಾರಣ ಒಂದೇ ಒಂದು ಪದ. ಕಲ್ಲು ಮಾರಿದವರು ಇನ್‌ವಾಯ್ಸ್‌ನಲ್ಲಿ ತೂಕ 42.6 ಎಂದು ಬರೆದು, ಮುಂದೆ ಕ್ಯಾರೆಟ್ ಎನ್ನುವ ಬದಲು ಗ್ರಾಂ ಎಂದು ಹಾಕಿಬಿಟ್ಟಿದ್ದರು. ನನ್ನ ಮುಂದೆಯೇ ಅಧಿಕಾರಿ ಮಡಿಸಿದ ಬಿಳಿ ಕಾಗದ ಬಿಡಿಸಿ, ಗಾರ್ನೆಟ್‌ಗಳನ್ನು ತಕ್ಕಡಿಯ ಮೇಲಿನ ಪುಟ್ಟ ತಟ್ಟೆಗೆ ಸುರಿದರು. ತೋರಿಸಿದ್ದು 8.52. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಹಾಗಾಗಿ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಾಗದ ನೋಡಿದವರಿಗೆ ಐದರಲ್ಲಿ ನಾಲ್ಕು ಪಾಲು ಕಲ್ಲು ಮಾಯ! ಉಳಿದದ್ದು ಎಲ್ಲಿ ಅಂತ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ ಅಲ್ವಾ?

ಅದೇ ಇನ್‌ವಾಯ್ಸ್‌ನಲ್ಲಿ ಇನ್ನೊಂದು ಎಡವಟ್ಟೂ ಇತ್ತು. ನನಗೆ ಸುಂಕ ಉಳಿಯಲಿ ಅಂತ ಕಲ್ಲು ಮಾರಿದವರು ಬೆಲೆ ಕಡಿಮೆ ಮಾಡಿ, 'ಉಡುಗೊರೆ' ಎಂದು ಬರೆದಿದ್ದರು. ಕಸ್ಟಮ್ಸ್ ಮೊದಲು ಕೇಳುವುದು ನಿಜವಾಗಿ ಕೊಟ್ಟ ಬೆಲೆಯನ್ನು. ನಾನೇ ಬ್ಯಾಂಕಿನ ಪಾವತಿ ರಸೀದಿ ತೋರಿಸಿ, ಸರಿಯಾದ ಬೆಲೆ ಹೇಳಿ ಸುಂಕ ಕಟ್ಟಿದೆ. ಇಂಥ 'ಸಹಾಯ' ಯಾರಿಂದಲೂ ಬೇಡ. ಮಾಲು ಹಿಡಿದಿಟ್ಟರೆ ನಿಲ್ಲಬೇಕಾದವರು ನಾವು, ಅವರಲ್ಲ.

ಆಮೇಲೆ ಕೋಡ್‌ಗಳ ಮೇಲೆ ಕಣ್ಣಿಟ್ಟೆ. ಹರಳು, ಮುತ್ತು, ಆಭರಣ ಎಲ್ಲ, ಕಸ್ಟಮ್ಸ್ ಸರಕು ವಿಂಗಡಿಸಲು ಬಳಸುವ ಎಚ್‌ಎಸ್ ಪಟ್ಟಿಯ 71ನೇ ಅಧ್ಯಾಯದಲ್ಲೇ ಬರುತ್ತವೆ. ವಜ್ರ 7102, ಮಾಣಿಕ್ಯ, ನೀಲ, ಪಚ್ಚೆಯಂಥ ಕಲ್ಲುಗಳು 7103, ಚಿನ್ನ ಬೆಳ್ಳಿಯ ಒಡವೆ 7113. ಇಷ್ಟು ಸುಲಭ. ನನ್ನನ್ನು ಕಾಡಿದ್ದು ಮಣಿಗಳು. ಸಾಗಿಸುವಾಗ ಚೆಲ್ಲದಿರಲಿ ಅಂತ ಸುಮ್ನೆ ದಾರಕ್ಕೆ ಪೋಣಿಸಿದ್ದರೆ ಅದು 7103ರಲ್ಲೇ ಉಳಿಯುತ್ತದೆ. ಅದೇ ಮಣಿಯನ್ನು ಕೊಂಡಿ ಹಾಕಿ ಸರ ಮಾಡಿದರೆ 7116ಕ್ಕೆ ಹೋಗುತ್ತದೆ. ಸುಂಕವೂ ಬದಲಾಗಬಹುದು. ಒಂದು ಸಲ ಮಾಲು ಕಳಿಸುವವರು ಚೆಂದ ಕಾಣಲಿ ಅಂತ ಎಲ್ಲ ಎಳೆಗೂ ಕೊಂಡಿ ಹಾಕಿದ್ದರು. ಫೋಟೋ ನೋಡಿ, ಹೊರಡುವ ಮೊದಲೇ ಬಿಚ್ಚಿಸಿದೆ.

ಲ್ಯಾಬ್‌ನಲ್ಲಿ ಬೆಳೆಸಿದ ಕಲ್ಲು 7104. ಆ ಪಟ್ಟಿಯ 2022ರ ಪರಿಷ್ಕರಣೆಯಲ್ಲಿ ಅಂಥ ವಜ್ರಕ್ಕೆ ಅದರೊಳಗೇ ಬೇರೆ ಕೋಡ್ ಬಂತು. ಇನ್‌ವಾಯ್ಸ್‌ನಲ್ಲಿ ಬರೀ 'ವಜ್ರ' ಎಂದಿದ್ದರೆ ನಾನು ವಾಪಸ್ ಕಳಿಸಿ ತಿದ್ದಿಸುತ್ತೇನೆ. ಕತ್ತರಿಸದ ಕಚ್ಚಾ ವಜ್ರದ ಗೋಜಿಗೆ ಹೋಗಿಲ್ಲ. ಅದಕ್ಕೆ 2003ರಿಂದ, ಯುದ್ಧಕ್ಕೆ ಹಣ ಒದಗಿಸುವ ವಜ್ರ ಅಲ್ಲ ಎಂದು ಹೇಳುವ ಕಿಂಬರ್ಲಿ ಪ್ರಮಾಣಪತ್ರ, ಸೀಲ್ ಮಾಡಿದ ಪೆಟ್ಟಿಗೆ ಎಲ್ಲ ಬೇಕು. ಕಪ್ಪು ಹವಳವೂ ಬಿಟ್ಟೆ. ಅದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಪಟ್ಟಿಯಲ್ಲಿದೆ, ಕಳಿಸುವ ದೇಶದ ಪರ್ಮಿಟ್ ಇಲ್ಲದೆ ತರುವಂತಿಲ್ಲ. ನಾಲ್ಕು ಮಣಿಗೆ ಅಷ್ಟು ಓಡಾಟ ನನ್ನಿಂದಾಗದು.

ಈಗ ಮಾಲು ಹೊರಡುವ ಮೊದಲೇ ಇನ್‌ವಾಯ್ಸ್‌ನ ಕರಡು ತರಿಸಿಕೊಳ್ಳುತ್ತೇನೆ. ಕಲ್ಲಿನ ಹೆಸರು, ಸಹಜವೋ ಲ್ಯಾಬಿನದೋ, ಕತ್ತರಿಸಿದ್ದೋ ಕಚ್ಚಾವೋ, ಎಷ್ಟು ಕಲ್ಲು, ಕ್ಯಾರೆಟ್ ಮತ್ತು ಗ್ರಾಂ ಎರಡರಲ್ಲೂ ತೂಕ, ಯಾವ ದೇಶದ್ದು. ಕೊರಿಯರ್ ಏಜೆಂಟ್‌ಗೂ ಅದರ ಒಂದು ಪ್ರತಿ ಮೊದಲೇ ಹೋಗಿರುತ್ತದೆ.

ಪ್ರದರ್ಶನಕ್ಕೆ ಒಡವೆ ತಂದದ್ದು ಒಂದೇ ಸಲ, ಎಟಿಎ ಕಾರ್ನೆ ಎನ್ನುವ, ತಾತ್ಕಾಲಿಕವಾಗಿ ಮಾಲು ತರಲು ಬಳಸುವ ಕಸ್ಟಮ್ಸ್ ದಾಖಲೆಯ ಮೇಲೆ. ಸುಂಕ ಕಟ್ಟಬೇಕಿಲ್ಲ, ಆದರೆ ಪಟ್ಟಿಯಲ್ಲಿರುವ ಪ್ರತಿ ತುಂಡೂ ವಾಪಸ್ ಹೋಗಬೇಕು. ಎರಡನೇ ದಿನ ಒಬ್ಬರು ಒಂದು ಜೊತೆ ಓಲೆಯನ್ನು ಕಿವಿಗೆ ಹಿಡಿದು, ಕನ್ನಡಿ ಮುಂದೆ ತುಂಬಾ ಹೊತ್ತು ನಿಂತರು. "ಇದು ಕೊಡೋ ಹಾಗಿಲ್ಲ ಮೇಡಂ, ಇಂಥದ್ದೇ ಇನ್ನೊಂದು ತರಿಸಿಕೊಡ್ತೀನಿ" ಎಂದೆ. ಓಲೆಯನ್ನು ಮೆಲ್ಲಗೆ ಟ್ರೇನಲ್ಲಿಟ್ಟು, ಪಕ್ಕದ ಮಳಿಗೆಗೆ ಹೋದರು.