ಡೆಂಗ್ಯೂ ಬಂದರೂ ವಿಯೆಟ್ನಾಂ ಪ್ರವಾಸ ಉಳಿಯಿತು: ನನ್ನ ಖಾಲಿ ದಿನಗಳ ಲೆಕ್ಕ

ವಿಯೆಟ್ನಾಂ ಪ್ರವಾಸದ ನಡುವೆ ಅಲ್ಲಲ್ಲಿ ಖಾಲಿ ದಿನ ಇಡುವ ಪ್ಲಾನ್ ತೋರಿಸಿದಾಗ ನಮ್ಮ ಮಂಗಳೂರಿನ ಗ್ಯಾಂಗಿನಲ್ಲಿ ಯಾರೂ ಒಪ್ಪಲಿಲ್ಲ. "ಎಂಥ ಮಾರಾಯ, ರಜೆ ಸಿಗುವುದೇ ಕಷ್ಟ. ಅದರಲ್ಲಿ ಸುಮ್ನೆ ಕೂರ್ಲಿಕ್ಕೆ ದಿನ ಇಡುವುದಾ?" ಅಂತ ಒಬ್ಬ ಕೇಳಿದ. ಇನ್ನೊಬ್ಬ ಮೊಬೈಲ್ ತೆಗೆದು ಎಷ್ಟು ದುಡ್ಡು ದಂಡ ಅಂತ ಲೆಕ್ಕವನ್ನೇ ಹಾಕಿ ತೋರಿಸಿದ. ಈಗ ಅದೇ ಇಬ್ಬರು ನನ್ನ ಎಕ್ಸೆಲ್ ಶೀಟ್ ಕಳಿಸು ಅಂತ ಕೇಳುತ್ತಿದ್ದಾರೆ.

ಖಾಲಿ ದಿನ ಅಂದರೆ ಕಾಯಿಲೆ ಬಿದ್ದರೆ ಇರಲಿ ಅಂತ ರೂಮು, ಬಸ್ಸು, ಟೂರು ಯಾವುದನ್ನೂ ಮುಂಚೆ ಬುಕ್ ಮಾಡದ ದಿನ. ಇದು ನಿಮಗೆಲ್ಲ ಗೊತ್ತಿರುವುದೇ. ಆದರೆ ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ನೇಪಾಳಕ್ಕೆ ಹೋದಾಗ ಖಾಲಿ ದಿನವೇ ಇರಲಿಲ್ಲ. ಪೋಖರಾದಲ್ಲಿ ಹೊಟ್ಟೆ ಕೆಟ್ಟು ಮಲಗಿದೆ. ಟ್ರೆಕ್ ಪರ್ಮಿಟ್, ಗೈಡಿನ ಅಡ್ವಾನ್ಸ್, ವಿಮಾನ ಎಲ್ಲ ಸೇರಿ 30 ಸಾವಿರದಷ್ಟು ಹೋಯಿತು. ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ. ಮುಂದೆ ಬಾಲಿಗೆ ಹೋಗುವಾಗ ಖಾಲಿ ದಿನಗಳನ್ನೆಲ್ಲ ಒಟ್ಟು ಮಾಡಿ ಕೊನೆಯಲ್ಲಿ ಇಟ್ಟೆ. ಅದೂ ಕೈಕೊಟ್ಟಿತು. ಜ್ವರ ಬಂದದ್ದು ಮೊದಲ ವಾರದಲ್ಲಿ. ಗಿಲಿ ದ್ವೀಪದ ಬೋಟು, ಇಜೆನ್ ಜ್ವಾಲಾಮುಖಿಯ ಟೂರು, ಹೋಮ್‌ಸ್ಟೇ ಒಂದರ ಹಿಂದೆ ಒಂದು ತಪ್ಪಿತು. ಕೊನೆಯ ಖಾಲಿ ದಿನಗಳಿಂದ ಅದರಲ್ಲಿ ಒಂದನ್ನೂ ಉಳಿಸಲು ಆಗಲಿಲ್ಲ.

ವಿಯೆಟ್ನಾಂಗೆ ಲೆಕ್ಕ ಬದಲಾಯಿಸಿದೆ. ವಾರಕ್ಕೆ ಎರಡು ರಾತ್ರಿ ಖಾಲಿ. ಅದೂ ದೊಡ್ಡ ಆಸ್ಪತ್ರೆ, ರೈಲು, ವಿಮಾನ ಮೂರೂ ಇರುವ ಊರಿನಲ್ಲಿ: ಸೈಗಾನ್ (ಹೋ ಚಿ ಮಿನ್ ಸಿಟಿ), ದಾನಾಂಗ್, ಹನೋಯ್. ಹಳ್ಳಿ, ಬೆಟ್ಟ, ದ್ವೀಪಗಳಲ್ಲಿ ಖಾಲಿ ದಿನ ಇಟ್ಟರೆ ಅದು ಬರೀ ರಜೆ, ಅಷ್ಟೇ. ಇ-ವೀಸಾ 90 ದಿನದ್ದೇ ತೆಗೆದುಕೊಂಡೆ. ಒಮ್ಮೆ ಒಳಗೆ ಹೋಗುವ ವೀಸಾಕ್ಕೆ 25 ಡಾಲರ್. 30 ದಿನ ಬರೆದರೂ ಅಷ್ಟೇ, 90 ಬರೆದರೂ ಅಷ್ಟೇ. ಹಾಗಿರುವಾಗ ಕಮ್ಮಿ ಯಾಕೆ ಬರೆಯಬೇಕು ಅಲ್ವಾ? ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ವಿಯೆಟ್ನಾಂಗೆ ನೇರ ವಿಮಾನ ಇರಲಿಲ್ಲ. ರೈಲಿನಲ್ಲಿ ಆಲುವಾಕ್ಕೆ ಹೋಗಿ ಕೊಚ್ಚಿಯಿಂದ ಸೈಗಾನ್‌ಗೆ ಹಾರಿದೆ. ಒಳಗಿನ ದೊಡ್ಡ ಟಿಕೆಟುಗಳನ್ನು ಎರಡು ಮೂರು ದಿನ ಮುಂಚೆ ಮಾತ್ರ ಕೊಳ್ಳುವುದು ಅಂತ ನಿಯಮ ಮಾಡಿಕೊಂಡಿದ್ದೆ. ಸ್ವಲ್ಪ ದುಬಾರಿ ಬೀಳುತ್ತದೆ, ಬೀಳಲಿ. ರೂಮ್ ಬುಕಿಂಗಿನಲ್ಲಿ ನಾನು ಮಾಡುವ ಇನ್ನೊಂದು ಕೆಲಸ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಶುರು ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಹೋಯ್ ಆನ್‌ಗೆ ಬಂದ ಮೇಲೆ ಜ್ವರ ಹಿಡಿಯಿತು. 103 ಡಿಗ್ರಿ ಹತ್ತಿರ. ಕಣ್ಣುಗುಡ್ಡೆ ಹೊರಳಿಸಿದರೆ ಹಿಂದಿನಿಂದ ಯಾರೋ ಒತ್ತಿದ ಹಾಗೆ ನೋವು. ನಾನು ಉಳಿದಿದ್ದ ಪ್ರವಾಸಿಗರ ಹಾಸ್ಟೆಲಿನ ಹುಡುಗ ಪಾಪ ಓಡಿಹೋಗಿ ಮೆಡಿಕಲ್‌ನಿಂದ ಮಾತ್ರೆ ತಂದ. ಬೆಳ್ಳಿ ಬಣ್ಣದ ಸ್ಟ್ರಿಪ್, ಹಿಂದೆ ಇರುವೆಯಷ್ಟು ಸಣ್ಣ ಅಕ್ಷರ. ಟಾರ್ಚ್ ಹಾಕಿ ಓದಿದರೆ ಐಬುಪ್ರೊಫೆನ್. ಹಾಗೇ ವಾಪಸ್ ಕೊಟ್ಟೆ. ಡೆಂಗ್ಯೂ ಇರಬಹುದು ಅನ್ನುವಾಗ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಲೇಬಾರದು, ರಕ್ತಸ್ರಾವದ ಅಪಾಯ ಜಾಸ್ತಿ. ಬರೀ ಪ್ಯಾರಾಸಿಟಮಾಲ್. ನಾವು ಮಂಗಳೂರಿನವರು ಮಲೇರಿಯಾ, ಡೆಂಗ್ಯೂ, ಇಲಿಜ್ವರ ಮೂರನ್ನೂ ನೋಡುತ್ತಲೇ ಬೆಳೆದವರು. ಜ್ವರ ಬಂದರೆ ಮೊದಲು ರಕ್ತ ಕೊಡು ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಅಭ್ಯಾಸವೇ ನನ್ನನ್ನು ಕಾಪಾಡಿತು.

ಮರುದಿನ ಬೆಳಿಗ್ಗೆಯೇ ದಾನಾಂಗ್‌ಗೆ ಹೊರಟೆ. ಬರೀ 30 ಕಿಲೋಮೀಟರ್. ಅಲ್ಲಿ ಡೆಂಗ್ಯೂ ಪತ್ತೆಹಚ್ಚುವ ಎನ್‌ಎಸ್‌1 ರಕ್ತಪರೀಕ್ಷೆ ಪಾಸಿಟಿವ್ ಬಂತು. ಈ ಪರೀಕ್ಷೆಯಲ್ಲಿ ಜ್ವರದ ಮೊದಲ ದಿನಗಳಲ್ಲೇ ಗೊತ್ತಾಗುತ್ತದೆ, ತಡ ಮಾಡಿದರೆ ಸಿಗದೆಯೂ ಇರಬಹುದು. ಮಲೇರಿಯಾದ್ದನ್ನೂ ನಾನೇ ಕೇಳಿ ಮಾಡಿಸಿದೆ. ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ನಾಲ್ಕರಿಂದ ಹತ್ತು ದಿನ ಬೇಕು. ಲೆಕ್ಕ ಹಾಕಿದರೆ ಅದು ಸೈಗಾನ್ ಸೊಳ್ಳೆಯೂ ಇರಬಹುದು, ಮಂಗಳೂರಿನದ್ದೂ ಇರಬಹುದು.

ಹಲವರು ಒಟ್ಟಿಗೆ ಮಲಗುವ ಡಾರ್ಮ್ ಬಿಟ್ಟು ಬಾತ್‌ರೂಮ್ ಇರುವ ಸಿಂಗಲ್ ರೂಮ್ ಹಿಡಿದೆ. ಡಾರ್ಮಿಗೆ 500 ಇದ್ದದ್ದು ಇಲ್ಲಿ 1,400 ಆಯಿತು. ಇಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಐದನೇ ದಿನಕ್ಕೋ ಏನೋ ಜ್ವರ ಬಿಟ್ಟಿತು. ಊರಿನಿಂದ ಅಮ್ಮ, "ಬಿಟ್ಟಿತಲ್ಲ ಮಗಾ, ಇನ್ನು ಹೊರಟು ಬಾ" ಅಂದರು. ಆದರೆ ಡೆಂಗ್ಯೂ ಕೆಲಸ ಕೆಡಿಸುವುದೇ ಜ್ವರ ಇಳಿಯುವ ಹೊತ್ತಿನಲ್ಲಿ. ಆ ಒಂದೆರಡು ದಿನ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಯಾವುದು ಕಂಡರೂ ಆಸ್ಪತ್ರೆಗೆ ಓಡಬೇಕು. ನನಗೆ ಹೊಟ್ಟೆ ನೋಯಲು ಶುರುವಾಯಿತು, ಪ್ಲೇಟ್‌ಲೆಟ್ 60 ಸಾವಿರದ ಹತ್ತಿರ ಇಳಿದಿತ್ತು. ಅಡ್ಮಿಟ್ ಆದೆ. ಎರಡು ರಾತ್ರಿ ಡ್ರಿಪ್ ಹಾಕಿದರು. ಖಾಲಿ ದಿನ ಇಲ್ಲದಿದ್ದರೆ ಆ ಹೊತ್ತಿಗೆ ನಾನು ಯಾವುದೋ ಸ್ಲೀಪರ್ ಬಸ್ಸಿನಲ್ಲಿ ಇರುತ್ತಿದ್ದೆ.

ಊಟದ ವಿಷಯ ಸ್ವಲ್ಪ ಹೇಳಬೇಕು. ಹೊರಡುವ ಮುಂಚೆ ಮನೆಯಲ್ಲಿ ಫ್ಲಾಸ್ಕ್ ಗಂಜಿಯ ಪ್ರಯೋಗ ಮಾಡಿದ್ದೆ, ಅಂದರೆ ಫ್ಲಾಸ್ಕಿನಲ್ಲಿ ಅಕ್ಕಿಗೆ ಕುದಿನೀರು ಹಾಕಿ ಮುಚ್ಚಿಟ್ಟು ಬೇಯಿಸುವುದು. ಕುಚ್ಚಲಕ್ಕಿಯನ್ನು ಇಡಿಯಾಗಿ ಹಾಕಿದರೆ ರಾತ್ರಿಯಿಡೀ ಇಟ್ಟರೂ ಒಳಗೆ ಗಟ್ಟಿ. ಹುರಿದು, ಮಿಕ್ಸಿಯಲ್ಲಿ ತರಿಯಾಗಿ ಒಡೆದು, ಫ್ಲಾಸ್ಕನ್ನು ಮೊದಲು ಕುದಿನೀರಿನಲ್ಲಿ ಬಿಸಿ ಮಾಡಿಕೊಂಡು ಹಾಕಿದೆ. ಮೂರು ಗಂಟೆಯಲ್ಲಿ ಬೆಣ್ಣೆಯ ಹಾಗೆ ಬೆಂದಿತು. ಬೆಟ್ಟದ ಊರುಗಳಿಗೆ ಇದು ಒಳ್ಳೆಯದು. ವಿಯೆಟ್ನಾಂಗೆ ಅಕ್ಕಿ ಒಯ್ಯುವ ಅಗತ್ಯವೇ ಇಲ್ಲ, ಬೀದಿ ಬೀದಿಯಲ್ಲಿ ಅವರ ಗಂಜಿ ಸಿಗುತ್ತದೆ. 'ಚಾವ್ ಚಾಂಗ್' ಅಂದರೆ ಏನೂ ಹಾಕದ ಬಿಳಿ ಗಂಜಿ ಕೊಡುತ್ತಾರೆ. ಒಂದು ಬಟ್ಟಲು ನಮ್ಮ 70 ರೂಪಾಯಿ ಇರಬೇಕು. ಫ್ಲಾಸ್ಕ್ ಮಾತ್ರ ಒಯ್ದಿದ್ದೆ, ಬೆಳಿಗ್ಗೆ ತುಂಬಿಸಿಕೊಂಡರೆ ಮಧ್ಯಾಹ್ನಕ್ಕೂ ಬಿಸಿ. ಓಆರ್‌ಎಸ್ ಅಲ್ಲಿ ಓರೆಸಾಲ್ ಅಂತ ಸಿಗುತ್ತದೆ. 200 ಮಿಲಿ ನೀರಿಗೆ ಹಾಕುವ ಪೊಟ್ಟಣವೂ ಉಂಟು, ಒಂದು ಲೀಟರಿನದ್ದೂ ಉಂಟು. ನೋಡಿ ಬೆರೆಸಿ.

ಉತ್ತರದ ಬೆಟ್ಟಸೀಮೆ ಹಾ ಜ್ಯಾಂಗ್‌ನ ಬೈಕ್ ಸುತ್ತು ಬಿಟ್ಟೆ, ಅಡ್ವಾನ್ಸ್ ಕೊಟ್ಟಿರಲಿಲ್ಲವಾದ್ದರಿಂದ ನಷ್ಟ ಸೊನ್ನೆ. ಪ್ಲೇಟ್‌ಲೆಟ್ ಏರಿದ ಮೇಲೆ ದಾನಾಂಗ್‌ನಿಂದ ಹುಯೆಗೆ ರೈಲು ಹಿಡಿದೆ. ಹಾಯ್ ವಾನ್ ಘಾಟಿನ ಕೆಳಗೆ ಸಮುದ್ರಕ್ಕೆ ತಾಗಿಕೊಂಡೇ ಹೋಗುವ ಹಳಿ, ಬಲಗಡೆ ಕೂರಿ. ನಿನ್ ಬಿನ್, ಹನೋಯ್ ಎರಡೂ ನಿಧಾನಕ್ಕೆ ನೋಡಿದೆ. ಹೇಳಿದ ದಿನಕ್ಕೆ, ಅದೇ ಟಿಕೆಟಿನಲ್ಲಿ ಕೊಚ್ಚಿಗೆ ಬಂದಿಳಿದೆ.

ಇನ್ನು ಕ್ಲೇಮ್. ಪಾಲಿಸಿಗೆ ಕಟ್ಟಿದ್ದು 1,800 ರೂಪಾಯಿ ಆಸುಪಾಸು. ನೇಪಾಳದ ಕ್ಲೇಮ್ ತಿರಸ್ಕಾರವಾದದ್ದು, ಇವರು ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ ಅಂತ ಡಾಕ್ಟರ್ ಬರೆದ ಪತ್ರ ಇಲ್ಲ ಅನ್ನುವ ಕಾರಣಕ್ಕೆ. ಈ ಸಲ ಮೊದಲ ದಿನವೇ ಆ ಪತ್ರವನ್ನು ಇಂಗ್ಲಿಷಿನಲ್ಲಿ, ಸೀಲ್ ಸಮೇತ ಕೇಳಿ ತೆಗೆದುಕೊಂಡೆ. ಅಡ್ಮಿಟ್ ಆಗುವ ಮುಂಚೆ ಇನ್ಶೂರೆನ್ಸ್ ಸಹಾಯವಾಣಿಗೆ ಫೋನ್ ಮಾಡಿದೆ. ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ಬರೆದ ಬಿಲ್, ದುಡ್ಡು ಕಟ್ಟಿದ ರಸೀದಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮೊಹರು ಎಲ್ಲದರ ಫೋಟೋ ಆವತ್ತವತ್ತೇ ನನಗೆ ನಾನೇ ಮೇಲ್ ಹಾಕಿಕೊಂಡೆ. ಒಟ್ಟು ಖರ್ಚು 46 ಸಾವಿರದ ಹತ್ತಿರ. ಮೊದಲ 100 ಡಾಲರ್ ನಮ್ಮ ಕೈಯಿಂದಲೇ ಅಂತ ಪಾಲಿಸಿಯಲ್ಲಿ ಇತ್ತು. ಅದನ್ನು ಕಳೆದು 37 ಸಾವಿರ ಚಿಲ್ಲರೆ ಖಾತೆಗೆ ಬಂತು. ತಿಂಗಳೂವರೆ ಕಾದೆ, ಆದರೆ ಒಂದು ಕಾಗದವನ್ನೂ ಅವರು ಎರಡನೇ ಸಲ ಕೇಳಲಿಲ್ಲ.

ಮುಂದಿನದ್ದು ಲಾವೋಸ್. ಗ್ಯಾಂಗಿನಿಂದ ಇಬ್ಬರು ಜೊತೆಗೆ ಬರುತ್ತಾರೆ. ಲುವಾಂಗ್ ಪ್ರಬಾಂಗ್ ಚಂದ, ಅಲ್ಲೇ ಖಾಲಿ ದಿನ ಇಡುವ ಅಂತ ಅವರ ವಾದ. ನಾನು ವಿಯೆಂಟಿಯಾನ್ ಅಂತ ಪಟ್ಟು ಹಿಡಿದಿದ್ದೇನೆ. ಅಲ್ಲಿಂದ ಮೆಕಾಂಗ್ ಸೇತುವೆ ದಾಟಿದರೆ ಥಾಯ್ಲೆಂಡಿನ ನೋಂಗ್ ಖಾಯ್, ಮುಂದೆ ಒಂದು ಗಂಟೆಯಲ್ಲಿ ಉಡೋನ್ ಥಾನಿ. ವಿಯೆಂಟಿಯಾನ್‌ನಲ್ಲಿ ಇರುವ ವಿದೇಶಿಯರೇ ದೊಡ್ಡ ಕಾಯಿಲೆಗೆ ಅಲ್ಲಿನ ಆಸ್ಪತ್ರೆಗೆ ಹೋಗುತ್ತಾರೆ. ಶೀಟಿನಲ್ಲಿ ಆ ಎರಡು ರಾತ್ರಿಗಳನ್ನು ಹಳದಿ ಬಣ್ಣ ಹಾಕಿ ಲಾಕ್ ಮಾಡಿಟ್ಟಿದ್ದೇನೆ.