ನರಿ ಎಂದರೆ ಹುಲಿ: ನಮ್ಮ ಗ್ರಂಥಾಲಯದ ಓದಿನ ಗಂಟೆ

ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. 2020ರ ನವೆಂಬರ್‌ನಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೆಳೆಯುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನೋಡುತ್ತಿದ್ದಂತೆಯೇ ನನ್ನ ನೋಂದಣಿ ಪುಸ್ತಕದಲ್ಲಿ ಹೆಸರುಗಳು ತುಂಬಿದವು. ಆದರೆ ಅವರಲ್ಲಿ ಎಷ್ಟೋ ಮಕ್ಕಳಿಗೆ ಕೈಗೆ ಕೊಟ್ಟ ಪುಸ್ತಕವನ್ನು ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ಪುಟ ಮಗುಚಿ ಹಿಂದಕ್ಕೆ ಕೊಡುತ್ತಿದ್ದರು. ಮುಂದಿನ ವರ್ಷ ಮಕ್ಕಳ ದಿನಾಚರಣೆಯ ವಾರದಲ್ಲಿ ಇವರಿಗಾಗಿಯೇ ಒಂದು ಓದಿನ ಗಂಟೆ ಆರಂಭಿಸಿದೆ. ಪ್ರತಿ ಶನಿವಾರ, ಸಂಜೆ ನಾಲ್ಕೂವರೆಗೆ.

ಮೊದಲ ಮೂರು ವಾರ ಕೂರಲು ಚಾಪೆ ಸಾಲಲಿಲ್ಲ. ಡಿಸೆಂಬರ್ ನಡುವಿನ ಹೊತ್ತಿಗೆ ಐದೇ ಮಕ್ಕಳು ಉಳಿದರು. ನನ್ನ ಕಥೆ ಹೇಳುವ ರೀತಿಯೇ ಸರಿಯಿಲ್ಲವೇನೋ ಎಂದು ಬಹಳ ನೊಂದುಕೊಂಡೆ. ಕೊನೆಗೆ ಒಂದು ದಿನ ಕಾಫಿ ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಕಡೆಗೇ ನಡೆದುಕೊಂಡು ಹೋದೆ. ಕಾಫಿ ಕುಯ್ಲು ಶುರುವಾಗಿತ್ತು. ದೊಡ್ಡವರೆಲ್ಲ ತೋಟದಲ್ಲಿ, ನನ್ನ ಶನಿವಾರದ ಮಕ್ಕಳು ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಬ್ಬ ತಾಯಿ ಇನ್ನೊಂದು ಮಾತು ಹೇಳಿದರು: “ಐದೂವರೆಗೆ ಬಿಟ್ಟರೆ ದಾರಿಯಲ್ಲಿ ಆನೆ ಇರುತ್ತದೆ ಮೇಡಂ, ಹೇಗೆ ಕಳಿಸುವುದು?” ನಾನೂ ಇದೇ ಊರಿನವಳು. ಆನೆಯ ಹೊತ್ತು ನನಗೆ ತಿಳಿಯದ್ದಲ್ಲ. ವೇಳಾಪಟ್ಟಿ ಬರೆಯುವಾಗ ಮಾತ್ರ ಕಚೇರಿಯ ಗಡಿಯಾರವನ್ನಷ್ಟೇ ನೋಡಿದ್ದೆ.

ಅಂದಿನಿಂದ ವರ್ಷದ ಯೋಜನೆಯನ್ನು ತೋಟದ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಭಾನುವಾರ ಬೆಳಿಗ್ಗೆ ಲೈನ್ ಮನೆಯ ಅಂಗಳದಲ್ಲೇ ಓದು. ಸೊಂಟದ ಮೇಲಿನ ಕೂಸುಗಳೂ ಕಥೆ ಕೇಳುತ್ತವೆ. ಕುಯ್ಲು ಮುಗಿದ ಮೇಲೆ ಗ್ರಂಥಾಲಯದಲ್ಲಿ, ಶನಿವಾರ ಮಧ್ಯಾಹ್ನ ಎರಡೂವರೆಗೆ. ಕೊಡವರ ಹಬ್ಬಗಳಾದ ಪುತ್ತರಿ, ಕೈಲ್ ಪೊಳ್ದ್ ವಾರಗಳಲ್ಲಿ ರಜೆ.

ಸಮಯ ಸರಿಹೋದ ಮೇಲೆ ಭಾಷೆ ಎದುರಾಯಿತು. ನಮ್ಮ ಚಾಪೆಯ ಮೇಲೆ ಕೊಡವ ತಕ್ಕ್ (ಕೊಡವರ ಭಾಷೆ), ಯರವ, ಜೇನು ಕುರುಬ, ಮಲಯಾಳಂ, ಅಸ್ಸಾಮಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಒಮ್ಮೆ ಜಾಣ ನರಿಯ ಕಥೆ ಓದುತ್ತಿದ್ದೆ. ಎರಡನೇ ತರಗತಿಯ ಹುಡುಗನೊಬ್ಬ ಹುಬ್ಬು ಗಂಟಿಕ್ಕಿಕೊಂಡು ಕುಳಿತಿದ್ದ. ಚಿತ್ರದ ಮೇಲೆ ಬೆರಳಿಟ್ಟು, “ಇದು ನರಿಯಲ್ಲ, ನರಿಗೆ ಪಟ್ಟೆ ಇರುತ್ತದೆ” ಎಂದ. ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಹುಲಿ ಕೊಂದವನಿಗೆ ಹಿಂದೆ ಮಾಡುತ್ತಿದ್ದ ಗೌರವಕ್ಕೂ ನರಿ ಮಂಗಲ ಎಂದೇ ಹೆಸರು. ಆ ಮಗು ಓದನ್ನು ಅರ್ಥ ಮಾಡಿಕೊಳ್ಳುತ್ತಿತ್ತು. ಪುಸ್ತಕ ಬೇರೆ ಪ್ರಾಣಿಯನ್ನು ತೋರಿಸುತ್ತಿತ್ತು. ಅಂದು ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಕಪ್ಪುಹಲಗೆಯ ಮೇಲೆ ಹಾಲು–ಪಾಲ್, ಹೂವು–ಪೂ, ಹಂದಿ–ಪಂದಿ ಎಂದು ಜೋಡಿ ಬರೆದೆ. ಹಕಾರದ ಕಡೆ ತಿರುಗಿಯೂ ನೋಡದಿದ್ದ ಮಕ್ಕಳು ಮನೆಯ ಮಾತುಗಳನ್ನು ತಾವಾಗಿ ಕೂಗಿ ಹೇಳತೊಡಗಿದರು. ಆ ಒಂದು ಮಧ್ಯಾಹ್ನ ನಾನು ಕಲಿತಷ್ಟನ್ನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ.

ಈಗ ಹೊಸ ಪುಸ್ತಕ ಓದುವ ಮೊದಲು ಚಿತ್ರ ತೋರಿಸಿ, ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳುತ್ತೇನೆ. ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳು ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುವುದರಿಂದ ಕನ್ನಡ, ಅಸ್ಸಾಮಿ ಎರಡರಲ್ಲೂ ಇರುವ ಕಥೆಗಳನ್ನು ಮುದ್ರಿಸಿ ಹೊಲಿದಿಟ್ಟಿದ್ದೇನೆ. ಯರವರ ಹಾಡಿಯ ಮಕ್ಕಳಿಗೆ ಅಂಥ ಪುಸ್ತಕ ಸಿಗಲಿಲ್ಲ. ಅವರ ಅಜ್ಜಿಯೊಬ್ಬರು ಹೇಳಿದ ಕಥೆಯನ್ನು ಮಕ್ಕಳೇ ಕನ್ನಡ ಲಿಪಿಯಲ್ಲಿ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಗೆ ಬರೆದರು. ಕಾಗುಣಿತ ತಪ್ಪಿದ್ದನ್ನು ನಾನು ತಿದ್ದಲಿಲ್ಲ. ಕಪಾಟಿನಿಂದ ಅತಿ ಹೆಚ್ಚು ಬಾರಿ ಹೊರಗೆ ಹೋಗುವ ಪುಸ್ತಕ ಅದೇ.

ಮಕ್ಕಳನ್ನು ತರಗತಿ ನೋಡಿ ಕೂರಿಸುವುದನ್ನು ಬಿಟ್ಟಿದ್ದೇನೆ. ಅಕ್ಷರ, ಪದ, ವಾಕ್ಯ, ಪುಟ್ಟ ಕಥೆ ಇರುವ ಒಂದು ಹಾಳೆಯನ್ನು ಒಬ್ಬೊಬ್ಬರಿಂದ ಪಕ್ಕಕ್ಕೆ ಕರೆದು ಓದಿಸುತ್ತೇನೆ. ಎಲ್ಲರೆದುರು ಓದಿಸಿದರೆ ತಡವರಿಸುವ ಮಗು ಮುಂದಿನ ವಾರ ಬರುವುದಿಲ್ಲ. ಆರನೇ ತರಗತಿಯವಳು ಒತ್ತಕ್ಷರದಲ್ಲಿ ಎಡವುವುದುಂಟು, ಮೂರನೇ ತರಗತಿಯವನು ಸರಾಗವಾಗಿ ಓದುವುದುಂಟು. ಆದ್ದರಿಂದ ಅವಳ ಕೈಗೆ ಸಣ್ಣವರಿಗೆ ಓದಿ ಹೇಳುವ ಸುಲಭ ಪುಸ್ತಕ ಕೊಡುತ್ತೇನೆ. ಅವಳು ಮನೆಯಲ್ಲಿ ನಾಲ್ಕು ಬಾರಿ ಓದಿಕೊಂಡು ಬರುತ್ತಾಳೆ, ಅಭ್ಯಾಸವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಇನ್ನು ಮಳೆಗಾಲ. ಜೂನ್‌ನಿಂದ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಕಂಪ್ಯೂಟರ್ ನಂಬಿ ಯೋಜನೆ ಹಾಕುವಂತಿಲ್ಲ. ಶಾಲೆಗೆ ಮಳೆ ರಜೆ ಕೊಟ್ಟ ದಿನಗಳಲ್ಲೇ ಮಕ್ಕಳಿಗೆ ಓದಲು ಪುರುಸೊತ್ತು, ಅಂದೇ ಅವರು ಗ್ರಂಥಾಲಯಕ್ಕೆ ಬರುವಂತಿಲ್ಲ. ಅದಕ್ಕೇ ಮೇ ಕೊನೆಯಲ್ಲಿ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ತಲಾ ಮೂರು ಪುಸ್ತಕ ಕಟ್ಟಿ ಮನೆಗೆ ಕಳಿಸುತ್ತೇನೆ. ಮೊದಲ ವರ್ಷ ಭಯವಿತ್ತು, ಕಳೆದುಹೋದರೆ ಲೆಕ್ಕಕ್ಕೆ ಉತ್ತರ ಹೇಳಬೇಕಾದವಳು ನಾನು. ಒಬ್ಬ ಹುಡುಗಿ ಸೆಪ್ಟೆಂಬರ್‌ನಲ್ಲಿ ಬಂದು ಬಾಗಿಲಲ್ಲೇ ನಿಂತಳು. ಪುಸ್ತಕಕ್ಕೆ ಬೂಷ್ಟು ಹಿಡಿದಿತ್ತು. ಹಾಳೆ ಹಾಳೆಯನ್ನೂ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದಳು. ಎಲ್ಲಕ್ಕೂ ಹೊಗೆಯ ವಾಸನೆ. ದಂಡ ಎಷ್ಟು ಎಂದು ಕೇಳಿದಳು. ಮೂರನೇ ಕಥೆ ಏನು ಎಂದು ಕೇಳಿದೆ. ನಿಂತಲ್ಲೇ ಪೂರ್ತಿ ಹೇಳಿದಳು.

ಆ ಪುಸ್ತಕವನ್ನು ಕಪಾಟಿಗೆ ವಾಪಸು ಸೇರಿಸಿದ್ದೇನೆ. ಈ ಮೇ ತಿಂಗಳಿಗೆ ಅರವತ್ತು ಕವರುಗಳು ಬೇಕು, ಈಗಿನಿಂದಲೇ ಕೂಡಿಡುತ್ತಿದ್ದೇನೆ.