ನಗರದ ಬಾಡಿಗೆದಾರರು ವಸತಿ ಯೋಜನೆಗೆ ಅರ್ಜಿ ಸಲ್ಲಿಸುವುದು ಹೇಗೆ?

ಬಾಡಿಗೆ ಮನೆಯಲ್ಲಿರುವ ಕಡಿಮೆ ಆದಾಯದ ಕುಟುಂಬವೊಂದು ಸರ್ಕಾರದ ವಸತಿ ನೆರವಿಗೆ ಪ್ರಯತ್ನಿಸಲು ಹೊರಟಾಗ ಮೊದಲು ಮಾಡುವ ಕೆಲಸವೆಂದರೆ ಸೈಬರ್ ಸೆಂಟರಿಗೆ ಹೋಗಿ ಅರ್ಜಿ ತುಂಬಿಸುವುದು. ವಾಸ್ತವದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಪರಿಚಯದವರ ಅರ್ಜಿಗಳ ಹಿಂದೆ ಓಡಾಡಿದ ನನಗೆ ಕಂಡಂತೆ, ಅರ್ಹತೆಯಿಲ್ಲದೆ ಬಿದ್ದುಹೋದ ಅರ್ಜಿಗಳಿಗಿಂತ, ಒಂದು ಕಾಗದದಲ್ಲಿರುವ ಹೆಸರು ಇನ್ನೊಂದಕ್ಕೆ ತಾಳೆಯಾಗದೆ ನಿಂತುಹೋದ ಅರ್ಜಿಗಳೇ ಹೆಚ್ಚು.

ಮೊದಲಿಗೆ ಏನನ್ನು ಕೇಳುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ನಾಲ್ಕು ಘಟಕಗಳಿವೆ. ಸ್ವಂತ ನಿವೇಶನ ಇರುವವರು ಮನೆ ಕಟ್ಟಿಕೊಳ್ಳಲು ಒಂದು, ಸರ್ಕಾರಿ ಅಥವಾ ಖಾಸಗಿ ಸಂಸ್ಥೆಗಳು ಪಾಲುದಾರಿಕೆಯಲ್ಲಿ ಕಟ್ಟುವ ಮನೆಯನ್ನು ಪಡೆಯಲು ಇನ್ನೊಂದು, ಕೈಗೆಟಕುವ ಬಾಡಿಗೆ ವಸತಿಗೆ ಮೂರನೆಯದು, ಗೃಹಸಾಲದ ಬಡ್ಡಿ ಸಹಾಯಧನಕ್ಕೆ ನಾಲ್ಕನೆಯದು. ಈಗ ತೆರುತ್ತಿರುವ ಬಾಡಿಗೆಯನ್ನು ಸರ್ಕಾರವೇ ತಿಂಗಳು ತಿಂಗಳು ಖಾತೆಗೆ ಹಾಕುತ್ತದೆ ಎಂದು ನಂಬಿ ಬರುವವರಿದ್ದಾರೆ. ಈ ಯೋಜನೆಯಲ್ಲಿ ಅಂತಹ ನಗದು ನೆರವಿಲ್ಲ. ಬಾಡಿಗೆ ಘಟಕದಲ್ಲಿ ಸರ್ಕಾರದ ನೆರವು ಸಿಗುವುದು ಮನೆಗಳನ್ನು ಕಟ್ಟಿ ನಡೆಸುವ ಸಂಸ್ಥೆಗೆ. ಬಾಡಿಗೆದಾರನಿಗೆ ಸಿಗುವುದು ವಾಸಕ್ಕೆ ಮನೆ ಮಾತ್ರ.

ನಿವೇಶನವಿಲ್ಲದ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯೊಳಗಿನ ಕುಟುಂಬ ಪಾಲುದಾರಿಕೆಯ ಘಟಕವನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಸಲಹೆ. ಸೆಂಟರಿನಲ್ಲಿ ಕುಳಿತವರು ಯೋಚಿಸದೆ ಮೊದಲ ಆಯ್ಕೆಯನ್ನೇ ಒತ್ತಿಬಿಡುವುದುಂಟು. ನಿವೇಶನದ ದಾಖಲೆಯಿಲ್ಲದೆ ಅಲ್ಲಿಗೆ ಸೇರಿದ ಅರ್ಜಿ ಮುಂದೆ ಸಾಗುವುದಿಲ್ಲ. ಆದರೆ ಪಾಲುದಾರಿಕೆಯ ಮನೆಯೂ ಪುಕ್ಕಟೆಯಲ್ಲ. ನಮ್ಮಂತಹ ರಾಜ್ಯಗಳಲ್ಲಿ ಮನೆಯೊಂದಕ್ಕೆ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ. ಅದಕ್ಕೆ ರಾಜ್ಯದ ಪಾಲು ಸೇರಿದ ಮೇಲೆ ಉಳಿಯುವ ಮೊತ್ತವನ್ನು ಫಲಾನುಭವಿಯೇ ಸಾಲ ಮಾಡಿಯೋ ಉಳಿತಾಯದಿಂದಲೋ ತುಂಬಬೇಕಾಗುತ್ತದೆ. ಬಡ್ಡಿ ಸಹಾಯಧನದ ಆದಾಯ ಮಿತಿ 9 ಲಕ್ಷದವರೆಗೆ ಇದ್ದರೂ, ಬ್ಯಾಂಕು ಸಾಲ ಮಂಜೂರು ಮಾಡಿದರಷ್ಟೇ ಅದಕ್ಕೆ ಅರ್ಥವಿರುವುದರಿಂದ ದಿನಗೂಲಿಯವರಿಗೆ ಅದು ದೂರದ ಮಾತು.

ಎರಡನೆಯದಾಗಿ ಅರ್ಹತೆಯನ್ನು ನೋಡಿಕೊಳ್ಳಿ. ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಇವರಲ್ಲಿ ಯಾರ ಹೆಸರಿನಲ್ಲೂ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಮನೆ ಪಡೆದಿರಬಾರದು. ಊರಿನಲ್ಲಿ ತಂದೆಯ ಹೆಸರಿನ ಮನೆ ಇರುವುದರಿಂದ ತಾನು ಅನರ್ಹ ಎಂದುಕೊಂಡು ಕೈಬಿಡುವವರು ಈ ವ್ಯಾಖ್ಯೆಯನ್ನು ಮತ್ತೊಮ್ಮೆ ಓದಬೇಕು. ಹಾಗೆಯೇ, ವಿಭಾಗಪತ್ರವಾಗಿ ಆ ಮನೆಯಲ್ಲೊಂದು ಭಾಗ ತಮ್ಮ ಹೆಸರಿಗೆ ಬಂದಿದ್ದನ್ನು ಮರೆತು ‘ಮನೆಯಿಲ್ಲ’ ಎಂದು ಬರೆದುಕೊಡುವುದೂ ಅಷ್ಟೇ ಅಪಾಯದ ಮಾತು.

ಇನ್ನು ಕಾಗದಪತ್ರಗಳು. ಬೇಕಾದದ್ದು ಹೆಚ್ಚೇನಿಲ್ಲ: ಅರ್ಜಿದಾರರ ಮತ್ತು ಕುಟುಂಬದ ಎಲ್ಲರ ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ. ಎಲ್ಲರೂ ಎಡವುವ ಜಾಗ ಇದೇ ಆದ್ದರಿಂದ ಇಲ್ಲಿ ಒಂದು ವಾರ ಕಳೆದರೂ ನಷ್ಟವಿಲ್ಲ. ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಪ್ರತಿಯೊಂದರಲ್ಲೂ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ. ಲಕ್ಷ್ಮಿ ಎಂಬ ಹೆಸರು ಆಧಾರ್‌ನಲ್ಲಿ ‘ಕೆ, ಎಸ್, ಎಚ್’ ಅಕ್ಷರಗಳಿಂದಲೂ ಪಾಸ್‌ಬುಕ್ಕಿನಲ್ಲಿ ‘ಎಕ್ಸ್’ನಿಂದಲೂ ಬರೆಯಲ್ಪಟ್ಟಿರುತ್ತದೆ, ಕನ್ನಡದಲ್ಲಿ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ತಂದೆಯದು, ಮದುವೆಯ ನಂತರ ಮಾಡಿಸಿದ್ದರಲ್ಲಿ ಗಂಡನದು. ಮನೆಗೆಲಸ ಮಾಡುವ ಒಬ್ಬ ಮಹಿಳೆಯ ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಕೊನೆಯ ‘ಅಮ್ಮ’ ಬಿಟ್ಟುಹೋಗಿದ್ದುದನ್ನು ಸರಿಪಡಿಸಿಕೊಳ್ಳಲು ಅವರು ಮೂರು ದಿನದ ಕೂಲಿ ಕಳೆದುಕೊಂಡದ್ದನ್ನು ನಾನೇ ಕಂಡಿದ್ದೇನೆ.

ಹೊಂದಿಸುವಾಗ ಯಾವುದನ್ನು ತಿದ್ದಬೇಕು ಎಂಬುದೇ ಮುಖ್ಯ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶವಿದೆ. ಆದ್ದರಿಂದ ಆಧಾರ್‌ನಲ್ಲಿರುವುದು ತೀರಾ ತಪ್ಪಲ್ಲದಿದ್ದರೆ ಅದನ್ನು ಮುಟ್ಟದೆ, ಪಾಸ್‌ಬುಕ್ಕನ್ನೂ ನಾಡಕಚೇರಿಯಲ್ಲಿ ಪಡೆಯುವ ಆದಾಯ ಪ್ರಮಾಣಪತ್ರವನ್ನೂ ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಬಿಪಿಎಲ್ ಕಾರ್ಡ್ ಇದೆಯಲ್ಲ, ಆದಾಯ ಪ್ರಮಾಣಪತ್ರ ಏಕೆ ಎಂಬ ವಾದ ಕೌಂಟರಿನಲ್ಲಿ ನಡೆಯುವುದಿಲ್ಲ.

ವಿಳಾಸ ಬಾಡಿಗೆದಾರರ ನಿಜವಾದ ತಲೆನೋವು. ಆಧಾರ್‌ನಲ್ಲಿ ಊರಿನ ವಿಳಾಸ, ವಾಸ ನಗರದಲ್ಲಿ. ವಿಳಾಸ ಬದಲಿಸಲು ಬಾಡಿಗೆ ಕರಾರು ಬೇಕು, ಆದರೆ ಕರಾರು ಎಂದೊಡನೆ ಮಾಲೀಕರು ಹಿಂಜರಿಯುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾಗಿರುವುದರಿಂದಲೇ 11 ತಿಂಗಳ ಕರಾರಿನ ರೂಢಿ ಬೆಳೆದಿದೆ ಎಂಬುದನ್ನು ವಿವರಿಸಿ, ಇ-ಸ್ಟಾಂಪ್ ಕಾಗದದ ಖರ್ಚನ್ನು ನೀವೇ ಭರಿಸುವುದಾಗಿ ಹೇಳಿದರೆ ಹಲವರು ಒಪ್ಪುತ್ತಾರೆ. ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ, ಖಾಲಿ ಜಾಗ ತುಂಬುವ ಸಿದ್ಧ ಕರಾರುಗಳನ್ನು ಮಾತ್ರ ಕೊಳ್ಳಬೇಡಿ. ಬೇರಾರದೋ ಬಾಗಿಲು ಸಂಖ್ಯೆ ಅಳಿಸದೆ ಉಳಿದಿದ್ದ ಒಂದು ಪ್ರತಿ ನನ್ನ ಕೈಗೇ ಬಂದಿತ್ತು. ಅದರ ಬದಲು ಬಾಗಿಲು ಸಂಖ್ಯೆ, ಅಡ್ಡರಸ್ತೆ, ವಾರ್ಡ್, ಪಿನ್‌ಕೋಡ್ ಎಲ್ಲವನ್ನೂ ಮನೆಯ ವಿದ್ಯುತ್ ಬಿಲ್ಲಿನಲ್ಲಿರುವಂತೆಯೇ ಟೈಪ್ ಮಾಡಿಸಿ. ಮಾಲೀಕರು ಒಪ್ಪದಿದ್ದರೆ, ನಿಮ್ಮ ಹೆಸರಿನ ಗ್ಯಾಸ್ ಬಿಲ್ ಕೂಡ ವಿಳಾಸದ ಪುರಾವೆಯಾಗುತ್ತದೆ. ಕುಟುಂಬದಲ್ಲಿ ಒಬ್ಬರ ವಿಳಾಸ ಸರಿಯಾದ ಮೇಲೆ ಉಳಿದವರು ಅವರನ್ನೇ ಕುಟುಂಬದ ಮುಖ್ಯಸ್ಥರೆಂದು ತೋರಿಸಿ, ಅವರ ಆಧಾರ್ ಮೂಲಕ ತಮ್ಮ ವಿಳಾಸ ಬದಲಿಸಿಕೊಳ್ಳಬಹುದು.

ಖಾತೆಯ ವಿಷಯದಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂಬ ಮಾತಿಗೆ ಸಮಾಧಾನಪಟ್ಟುಕೊಳ್ಳಬೇಡಿ. ಸರ್ಕಾರದ ಹಣ ಬರುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆಗಿರುವ, ಅಂದರೆ ಹಣ ಜಮೆಗೆಂದು ನಿಮ್ಮ ಆಧಾರ್ ಸಂಖ್ಯೆಗೆ ಗೊತ್ತುಮಾಡಿರುವ ಒಂದೇ ಖಾತೆಗೆ. ಎರಡು ಮೂರು ಬ್ಯಾಂಕುಗಳಲ್ಲಿ ಖಾತೆ ಇರುವವರು ಯಾವುದಕ್ಕೆ ಮ್ಯಾಪಿಂಗ್ ಆಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲೇ ನೋಡಿಕೊಂಡು ಆ ಖಾತೆಯನ್ನೇ ಅರ್ಜಿಯಲ್ಲಿ ನಮೂದಿಸಬೇಕು.

ಇಷ್ಟಾದರೆ ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಯೋಜನೆಯ ಅಧಿಕೃತ ಜಾಲತಾಣದಲ್ಲಿ ಅರ್ಹತೆಯ ಪ್ರಶ್ನೆಗಳಿಗೆ ಉತ್ತರಿಸಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ನಮೂದಿಸಿ, ವಿವರ ತುಂಬಿ, ದಾಖಲೆಗಳನ್ನು ಸೇರಿಸಿದರೆ ಮುಗಿಯಿತು. ಮನೆ ಮಹಿಳೆಯ ಹೆಸರಿನಲ್ಲಿ ಅಥವಾ ದಂಪತಿಯ ಜಂಟಿ ಹೆಸರಿನಲ್ಲಿ ಇರಬೇಕೆಂಬುದು ಯೋಜನೆಯ ಆಶಯವಾದ್ದರಿಂದ ಹೆಂಡತಿಯ ಹೆಸರಿನಲ್ಲೇ ಅರ್ಜಿ ಹಾಕಿ. ಹಣ ಕೊಟ್ಟರೆ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆ ಎನ್ನುವ ಮಧ್ಯವರ್ತಿಗೆ ಒಟಿಪಿ ಹೇಳುವುದು ಮನೆಯ ಬೀಗದ ಕೈ ಕೊಟ್ಟಂತೆ.

ಸಲ್ಲಿಸಿದ ಮೇಲೆ ಬರುವ ಅರ್ಜಿ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಷ್ಟಕ್ಕೇ ಬಿಡದೆ ಮುದ್ರಿಸಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಪರಿಶೀಲನೆ ನಿಮ್ಮ ಪುರಸಭೆ ಅಥವಾ ಪಾಲಿಕೆಯ ಕೈಯಲ್ಲಿರುತ್ತದೆ. ಬಾಡಿಗೆದಾರರು ಅಷ್ಟರೊಳಗೆ ಮನೆ ಬದಲಿಸುವುದು ಸಾಮಾನ್ಯ. ಪರಿಶೀಲನೆಗೆ ಬಂದವರು ಹಳೆಯ ಬಾಗಿಲು ತಟ್ಟಿ ‘ಇಲ್ಲಿ ವಾಸವಿಲ್ಲ’ ಎಂದು ಬರೆದುಕೊಂಡು ಹೋಗುವ ಮೊದಲು, ಹೊಸ ವಿಳಾಸವನ್ನೂ ಅರ್ಜಿ ಸಂಖ್ಯೆಯನ್ನೂ ಬಿಳಿ ಹಾಳೆಯಲ್ಲಿ ಬರೆದು ಆ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.